ಉಪ್ಪಲಿ ಬುರುಜಿಗೆ ಅಂಟಿದ ಅಪವಾದ

ವಿಜಯಪುರಕ್ಕೆ ಬಂದ ಪ್ರವಾಸಿಕನನ್ನು ನಮ್ಮವರು ಗೋಲಗುಮ್ಮಟದಲ್ಲಿ ಕೂಗಿಸಿ, ಮಲಿಕ್-ಎ-ಮೈದಾನ ತೋಪನ್ನು ಮುಟ್ಟಿಸಿ, ಉಪ್ಪಲಿ ಬುರುಜಿನ ಬುಡದಲ್ಲಿ ಒಂದು ಕಥೆಯನ್ನು ಹೇಳಿ ಕಳುಹಿಸಿಬಿಡುವರು. ಒಂದನೆಯ ಅಲಿ ಆದಿಲಶಹನು ಊರಿನ ಕೋಟೆಗೋಡೆಯನ್ನು ಸರದಾರರಿಗೆ ಹಂಚಿ ಕಟ್ಟಿಸುತ್ತಿದ್ದಾಗ ಹೈದರಖಾನನು ಊರಲ್ಲಿರಲಿಲ್ಲವಂತೆ. ಮರಳಿ ಬಂದಾಗ ತನ್ನ ಪಾಲಿಗೆ ಏನೂ ಉಳಿದಿಲ್ಲವೆಂದು ಮುನಿದು, ಎಲ್ಲರ ಬುರುಜುಗಳನ್ನೂ ಮೀರಿಸುವದೊಂದನ್ನು ಊರೊಳಗೇ ಎಬ್ಬಿಸಿದನಂತೆ. (ಈತನು ಮೈಸೂರಿನ ಹೈದರಾಲಿಯಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುವದು ಒಳಿತು; ಇಬ್ಬರ ನಡುವೆ ಸುಮಾರು ಎರಡು ಶತಮಾನಗಳ ಅಂತರವಿರುವದು.)

ಕಥೆಯು ರಂಜಕವಾಗಿರುವದು ನಿಜ. ಆದರೆ ಒಬ್ಬ ಸರದಾರನ ಹೊಟ್ಟೆಕಿಚ್ಚೇ ಸುಮಾರು 80 ಅಡಿಯ ಕಲ್ಲುಕಟ್ಟಡವಾಯಿತೆಂದು ನಂಬುವ ಮೊದಲು ಲೆಕ್ಕವನ್ನಾದರೂ ಮಾಡಬೇಡವೇ? ಕೋಟೆಗೋಡೆಯು ಮುಗಿದದ್ದು 1565ರಲ್ಲಿ. ಬುರುಜಿನ ಕಾಲವು 1584. ಹತ್ತೊಂಬತ್ತು ವರ್ಷ ಆರದೆ ಉರಿದ ಆ ಮುನಿಸು ಎಂಥದು, ಮಹಾಶಯರೇ!

ನಡುವೆ ನಡೆದುದನ್ನು ನೋಡಿರಿ. 1580ರಲ್ಲಿ ಅಲಿಯು ಕೊಲೆಯಾಗಿ, ಎರಡನೆಯ ಇಬ್ರಾಹಿಮನೆಂಬ ಬಾಲಕನು ಪಟ್ಟಕ್ಕೆ ಬಂದನು. ಚಾಂದಬೀಬಿಯು ಅವನ ಪರವಾಗಿ ರಾಜ್ಯವನ್ನು ಕಾಯುತ್ತಿರಲು ಸರದಾರರು ತಮ್ಮತಮ್ಮಲ್ಲಿಯೇ ಕಚ್ಚಾಡಿದರು. ಇದೇ ಸಮಯವೆಂದು ನೆರೆಯ ಸುಲ್ತಾನರ ದಂಡುಗಳು ರಾಜಧಾನಿಯನ್ನೇ ಮುತ್ತಿದವು. ಗೋಡೆಯಾಚೆಯ ಬಯಲನ್ನು ದೂರದವರೆಗೆ ಕಾಣುವ ಕಣ್ಣೊಂದು ಬೇಕೆಂದು ಅನಂತರ ತೋರಿದ್ದರೆ ಆಶ್ಚರ್ಯವೇನು?

ಕಟ್ಟಡವೂ ಇದನ್ನೇ ನುಡಿಯುವದು. ದುಂಡನೆಯ ಮೈಯನ್ನು ಹೊರಗಿನಿಂದ ಬಳಸಿ ಏರುವ ಕಲ್ಲಿನ ಮೆಟ್ಟಿಲುಗಳು. ಮೇಲೆ ಮದ್ದಿನ ಕೋಣೆಗಳು, ನೀರಿನ ತೊಟ್ಟಿಗಳು. ಕಬ್ಬಿಣದ ಪಟ್ಟಿಗಳನ್ನು ಬಳೆಗಳಿಂದ ಬಿಗಿದು ಮಾಡಿದ ತೋಪುಗಳು, ಅವುಗಳಲ್ಲಿ ದೊಡ್ಡದು 30 ಅಡಿಗೂ ಮಿಕ್ಕು ಉದ್ದವಾದುದು. ಮುನಿಸಿಕೊಂಡವನು ನೀರಿನ ತೊಟ್ಟಿಯನ್ನು ಕಟ್ಟಿಸುವನೇ?

1854ರಲ್ಲಿ ಇಂಗ್ಲಿಷ್ ಕಂಪನಿಯ ಅಧಿಕಾರಿಗಳು ಮಲಿಕ್-ಎ-ಮೈದಾನವನ್ನು ನಿರುಪಯೋಗಿ ಸಾಮಾನೆಂದು ಹರಾಜಿಗಿಟ್ಟಾಗ 150 ರೂಪಾಯಿಗಳ ಕೂಗು ಬಂದಿತ್ತು. ಪುಣ್ಯವಶಾತ್ ಮಾರಾಟವು ನಿಂತಿತು. ಅವರನ್ನು ನಾವು ಇಂದಿಗೂ ಹಳಿಯುವೆವು. ಈ ಜಿಲ್ಲೆಯು ಮುಂಬಯಿ ಪ್ರಾಂತದಿಂದ ಬಿಡುಗಡೆಹೊಂದಿ 1956ರಲ್ಲಿ ಕನ್ನಡನಾಡನ್ನು ಕೂಡಿದ ಮೇಲೆ, ಉಪ್ಪಲಿ ಬುರುಜಿಗೆ ಒಂದು ನಗೆಗಥೆಯ ಬೆಲೆಯನ್ನು ಕಟ್ಟಿ ಕುಳಿತವರು ಮಾತ್ರ ಪರರಲ್ಲ, ನಾವೇ.

ಉಪಾಧ್ಯಾಯರು ಮುಂದಿನ ಸಲ ಹುಡುಗರನ್ನು ಬುಡದಲ್ಲಿಯೇ ನಿಲ್ಲಿಸದೆ ಮೇಲಕ್ಕೆ ಕರೆದೊಯ್ಯಲಿ. ಅವರ ಕೈಯಿಂದಲೇ ತೋಪಿನ ಉದ್ದವನ್ನು ಅಳೆಯಿಸಲಿ. 1584ರಲ್ಲಿ 1565ನ್ನು ಕಳೆಯಿಸಲಿ. ಆಮೇಲೆ ಬೇಕಾದರೆ ಹೈದರಖಾನನ ಮುನಿಸಿನ ಕಥೆಯನ್ನು ಹೇಳಲಿ.