ಆಟದ ಬಾಗಿಲಿಗೆ ಬೀಗ ಹಾಕಿದವರು ಯಾರು?

ಗೇರುಬೀಜ ಕಾರ್ಖಾನೆಯ ಬೋನಸ್ಸಿನಿಂದಲೋ, ಬೀಡಿ ಕಟ್ಟಿ ಉಳಿಸಿದ ದುಡ್ಡಿನಿಂದಲೋ ಮಕ್ಕಳ ಓದಿಗೆಂದು ಕೊಂಡ ಕಂಪ್ಯೂಟರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಎಷ್ಟೋ ಮನೆಗಳಲ್ಲಿದೆ. ಹಗಲು ಅದರಲ್ಲಿ ಪಾಠ, ರಾತ್ರಿ ಆಟ. ೨೦೨೫ರ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ ೧೧ ಬೇಕೆಂದರೆ ಯಂತ್ರದಲ್ಲಿ ಟಿಪಿಎಂ ೨.೦ ಎಂಬ ಭದ್ರತಾ ಏರ್ಪಾಡು ಇರಬೇಕೆಂದು ಕಂಪೆನಿಯ ಕಟ್ಟಳೆ. ಹಳೆಯ ಯಂತ್ರಗಳಲ್ಲಿ ಅನೇಕಕ್ಕೆ ಅದಿಲ್ಲ. ಕೆಡದ ಯಂತ್ರವನ್ನು ಮೂಲೆಗೆಸೆದು ಹೊಸದಕ್ಕೆ ಸಾಲ ಮಾಡಬೇಕೆ?

ಬೇಡವೆನ್ನುವವರು ಲಿನಕ್ಸನ್ನು ತೋರಿಸುತ್ತಾರೆ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿ, ಲೋಕದ ಸಾವಿರಾರು ಕೈಗಳು ಬೆಳೆಸಿದ ವ್ಯವಸ್ಥೆಯಿದು. ನಮ್ಮೂರ ಬಯಲಾಟದಂತೆ ಇದಕ್ಕೆ ಟಿಕೆಟ್ಟಿಲ್ಲ. ಯಾರೂ ಬಂದು ಕೂರಬಹುದು. ಗಡಿಯಾಚೆ ಕೇರಳದ ಸರಕಾರಿ ಶಾಲೆಗಳಲ್ಲಿ ನಡೆಯುವುದು ಇದೇ. ಕಾಸರಗೋಡಿನ ಕನ್ನಡ ಮಕ್ಕಳೂ ಇದರಲ್ಲಿಯೇ ಕಲಿಯುತ್ತಿದ್ದಾರೆ.

ಪಾಠಕ್ಕಾಯಿತು, ಆಟಕ್ಕೆ? ಹಿಂದೆ ಆಗದೆಂಬ ಮಾತಿನಲ್ಲಿ ಸತ್ಯವಿತ್ತು. ವಿಂಡೋಸಿನ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ನಡೆಸುವ 'ವೈನ್' ಎಂಬ ಯತ್ನ ೧೯೯೩ರಲ್ಲಿಯೇ ಆರಂಭವಾದರೂ, ಸಾಮಾನ್ಯನ ಕೈಗೆ ಅದು ಸುಲಭವಾಗಿರಲಿಲ್ಲ. ೨೦೧೮ರಲ್ಲಿ ವಾಲ್ವ್ ಕಂಪೆನಿಯು ಅದರ ಮೇಲೆಯೇ 'ಪ್ರೋಟಾನ್' ಕಟ್ಟಿ ತನ್ನ 'ಸ್ಟೀಮ್' ಆಟದಂಗಡಿಗೆ ಸೇರಿಸಿತು. ೨೦೨೨ರಲ್ಲಿ ಲಿನಕ್ಸಿನ ಮೇಲೆಯೇ ನಡೆಯುವ ಕೈಯಾಟದ ಯಂತ್ರವನ್ನು ಮಾರಿತು. ಇದು ಧರ್ಮಕಾರ್ಯವಲ್ಲ. ತನ್ನ ಅಂಗಡಿ ಇನ್ನೊಬ್ಬನ ಕಟ್ಟಡದಲ್ಲಿ ಬಾಡಿಗೆಗಿರುವ ಕಷ್ಟವನ್ನು ನಮ್ಮ ವರ್ತಕ ಬಂಧುಗಳು ಬಲ್ಲರು. ಆದರೂ ಅದರಿಂದ ಬಡವನಿಗೆ ಲಾಭವಾಯಿತೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಒಬ್ಬನೇ ಕುಳಿತು ಆಡುವ ಆಟಗಳಲ್ಲಿ ಬಹುಪಾಲು ಇಂದು ಲಿನಕ್ಸಿನಲ್ಲಿ ನಡೆಯುತ್ತವೆ.

ನಡೆಯದವು ಯಾವುವು? ಹಲವರು ಕೂಡಿ ಪಂದ್ಯವಾಡುವ ಕೆಲವು ಹೆಸರುವಾಸಿ ಆಟಗಳು: ವ್ಯಾಲೊರೆಂಟ್, ಫೋರ್ಟ್‌ನೈಟ್ ಮುಂತಾದವು. ಮೋಸ ತಡೆಯಲೆಂದು ಅವುಗಳಲ್ಲಿಟ್ಟ ಕಾವಲು ತಂತ್ರಾಂಶ ಲಿನಕ್ಸಿಗೆ ಬಾಗಿಲು ತೆರೆಯುವುದಿಲ್ಲ. ಏಪೆಕ್ಸ್ ಲೆಜೆಂಡ್ಸ್ ಎಂಬ ಆಟವಂತೂ ಲಿನಕ್ಸಿನಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು; ೨೦೨೪ರ ಅಕ್ಟೋಬರಿನ ಕೊನೆಗೆ ಕಂಪೆನಿಯೇ ಅದನ್ನು ಮುಚ್ಚಿತು. ಮೋಸಗಾರರು ಅತ್ತ ಕಡೆಯಿಂದ ನುಗ್ಗುತ್ತಾರೆಂಬುದು ಅದರ ಸಮಜಾಯಿಷಿ. ಮೋಸವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ನಾಲ್ವರು ಕಳ್ಳರಿಗಾಗಿ ಊರಿನ ದಾರಿಯನ್ನೇ ಮುಚ್ಚುವುದು ಯಾವ ನ್ಯಾಯ? ಇಲ್ಲಿ ಸೋತದ್ದು ಯಂತ್ರವಲ್ಲ. ಬೀಗದ ಕೈ ಯಾರಲ್ಲಿದೆಯೋ ಅವರ ಇಷ್ಟ ಗೆದ್ದಿತು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಗೆಳೆಯರೊಡನೆ ಇಂಥ ಪಂದ್ಯವನ್ನೇ ಆಡುವ ಹುಡುಗನಿಗೆ ಲಿನಕ್ಸ್ ಇಂದು ಒಗ್ಗದು. ಒಗ್ಗುತ್ತದೆಂದು ಹೇಳಿ ಅವನನ್ನು ನಾವು ವಂಚಿಸಲಾರೆವು. ಉಳಿದ ಸಾಮಾನ್ಯ ಆಟಗಾರರಿಗೆ ಅದು ಸಾಕು. ಹಳೆಯ ಯಂತ್ರ ಅದರಿಂದ ಹೊಸದಾಗದು. ದೊಡ್ಡ ಆಟಕ್ಕೆ ದೊಡ್ಡ ಯಂತ್ರವೇ ಬೇಕು. ಆದರೆ ಪರೀಕ್ಷೆಗೆ ಖರ್ಚಿಲ್ಲ. ಪೆನ್‌ಡ್ರೈವಿನಿಂದಲೇ ಲಿನಕ್ಸ್ ನಡೆಸಿ, ಯಂತ್ರದಲ್ಲಿರುವುದನ್ನು ಮುಟ್ಟದೆ ನೋಡಬಹುದು. ಬಿ.ಸಿ. ರೋಡಿನ, ಮೂಡುಬಿದಿರೆಯ ಕಂಪ್ಯೂಟರ್ ಅಂಗಡಿಯವರು ಗಿರಾಕಿಗೆ ಹೊಸ ಯಂತ್ರದ ಬೆಲೆ ಹೇಳುವ ಮೊದಲು ಇದನ್ನೊಮ್ಮೆ ತೋರಿಸಲಿ. ಯಂತ್ರ ಕೊಂಡವನು ದುಡಿದು ಕೊಂಡಿದ್ದಾನೆ. ಅದರ ಆಯುಷ್ಯ ಎಷ್ಟೆಂದು ಹೇಳುವ ಹಕ್ಕು ದೂರದ ಕಂಪೆನಿಯದಲ್ಲ, ಅವನದು.