ಕೈಗೊಪ್ಪುವ ಕೋಲು

1946ರಲ್ಲಿ ಮೈಸೂರು ಸೀಮೆಯಲ್ಲಿ ವ್ಯಾನ್ ಇಂಗೆನ್ ಎಂಬವರು ಗಾಳದಿಂದ ಹಿಡಿದ 120 ಪೌಂಡಿನ ಮಹಶೀರ್ ಮೀನಿನ ಸಂಗತಿಯನ್ನು ಓದಿದ ಉತ್ಸಾಹದಲ್ಲಿ, ನಾನು 12 ಅಡಿಯ ಗಾಳದ ಕೋಲನ್ನು ಕೊಂಡೆ. ರೀಲು ಮಾತ್ರ ಹಳೆಯದು, ಪುಟ್ಟದು. ರಜೆಯಲ್ಲಿ ಕೊಡಂಬಲದ ಬಂಧುಗಳಲ್ಲಿಗೆ ಹೋದವನು, ಕಾರಂಜಾ ಜಲಾಶಯದ ದಂಡೆಯಲ್ಲಿ ಅದನ್ನು ಪರೀಕ್ಷಿಸಿದೆ. ಗಳಿಗೆಯೊಳಗೆ ಮುಂಗೈ ಸೋತಿತು. ಮೀನು ಕಚ್ಚಿದ್ದು ಕೈಗೆ ತಿಳಿಯುವ ಮೊದಲೇ ಎರೆ ಮಾಯ!

ಪಕ್ಕದಲ್ಲಿ ಬಿದಿರುಕೋಲು ಹಿಡಿದು ಕುಳಿತಿದ್ದ ವೃದ್ಧರು ನಕ್ಕರು: “ಕೋಲು ಮೊದಲು ಕೈಗೆ ಒಪ್ಪಬೇಕ್ರೀ ಮಾಸ್ತರ್, ಮೀನಿಗೆ ಆಮ್ಯಾಲ.”

ವಾಚಕರೇ, ಬೆಲೆ ಕೇಳುವ ಮೊದಲು ನಿಮ್ಮ ರೀಲನ್ನೇ ಕೋಲಿಗೆ ತೊಡಿಸಿ, ಅದರ ತುಸು ಮುಂದೆ ಬೆರಳಿನ ಮೇಲೆ ನಿಲ್ಲಿಸಿ ನೋಡಿರಿ. ತುದಿ ಥಟ್ಟನೆ ಇಳಿದರೆ ಆ ಭಾರವನ್ನು ದಿನವಿಡೀ ಹೊರಬೇಕಾದುದು ನಿಮ್ಮ ಮುಂಗೈ. ಕೋಲಿನ ಕೆಳಗೆ ತೂಗುವ ಸ್ಪಿನ್ನಿಂಗ್ ರೀಲಿನಿಂದ ದಾರ ಸುರುಳಿಯಾಗಿ ಚಿಮ್ಮುವುದರಿಂದ ಮೊದಲ ಉಂಗುರ ಅಗಲವಾಗಿರಬೇಕು. ಮೇಲೆ ಕೂರುವ ರೀಲಿಗೆ ಸಣ್ಣ ಉಂಗುರಗಳೇ ಸಾಕು. ದಾರದ ಬಲ ಕೋಲಿನ ಮೇಲೆ ಬರೆದ ಮಿತಿಯನ್ನು ಮೀರದಿರಲಿ. ಮೀರಿದರೆ ದಾರ ಹರಿಯುವ ಮುನ್ನ ಕೋಲೇ ಮುರಿದೀತು.

ನನ್ನ 12 ಅಡಿಯ ಕೋಲು ಈಗ ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ಗಳುವಾಗಿದೆ. ಶ್ರೀಮತಿಯವರ ಮತದಲ್ಲಿ, ಅದು ನಾನು ಕೊಂಡ ವಸ್ತುಗಳಲ್ಲೆಲ್ಲ ಅತ್ಯಂತ ಉಪಯುಕ್ತವಾದುದು!