ತಲೆಗೆ ದಿನಕ್ಕೆ ಇಷ್ಟು ದರ!

ಅಮೆರಿಕದ ಲೂಸಿಯಾನಾ ರಾಜ್ಯದ ಲೆಕ್ಕ ಕೇಳಿರಿ, ಬಂಧುಗಳೇ! 2012ರಲ್ಲಿ ಅಲ್ಲಿ ಶಿಕ್ಷೆಯಾದ ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಜನ ರಾಜ್ಯದ ಸೆರೆಮನೆಯಲ್ಲಿರದೆ ಜಿಲ್ಲೆಗಳ ಷೆರೀಫರ ಜೈಲುಗಳಲ್ಲಿದ್ದರು. ಇದಕ್ಕಾಗಿ ರಾಜ್ಯ ಸರಕಾರ ತಲೆಗೆ ದಿನಕ್ಕೆ 24.39 ಡಾಲರು ತೆರುತ್ತಿತ್ತು.

ಜಿಲ್ಲೆಯ ಖರ್ಚನ್ನು ಸರಕಾರ ತುಂಬಿಕೊಡುವುದು ನ್ಯಾಯವೇ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ತಲೆ ಎಣಿಸಿ ಹಣ ಕೊಟ್ಟರೆ ಆಗುವುದೇನು? ಕೈದಿಯ ಊಟ, ಔಷಧ, ಕಸುಬಿನ ಕಲಿಕೆಯಲ್ಲಿ ಉಳಿಸಿದ್ದೆಲ್ಲ ಷೆರೀಫರ ಇಲಾಖೆಗೆ ಲಾಭ. ಖಾಲಿ ಬಿದ್ದ ಹಾಸಿಗೆ ನಷ್ಟ. ಅಂಗಡಿ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಗಿರಣಿಯಲ್ಲಿ ದುಡಿಮೆ ಸರಕಾದರೆ, ಇಲ್ಲಿ ಮನುಷ್ಯನ ಬಂಧನವೇ ಸರಕು!

ಬಿಡುಗಡೆಯನ್ನು ನಷ್ಟವೆಂದು ಬರೆಯುವ ಖಾತೆಯಿಂದ ಯಾರೂ ತಿದ್ದಿಕೊಳ್ಳಲಾರರು. ಸರಕಾರ ಹಣ ಕೊಡಲಿ. ಆದರೆ ಜೈಲು ತುಂಬಿದ್ದಕ್ಕಲ್ಲ, ಬಿಡುಗಡೆಯಾದವನು ಮತ್ತೆ ಬಾರದಂತೆ ಮಾಡಿದ್ದಕ್ಕೆ ಕೊಡಲಿ!